ಇಪ್ಪತ್ತೇಳು ನಿಮಿಷದ ಕಸ

ಮೇ 27, 2003, ಮಂಗಳವಾರ

ದಿನಚರಿ ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಂಥವಳು ಅರವತ್ತೇಳನೆಯ ವಯಸ್ಸಿನಲ್ಲಿ ನೋಟುಬುಕ್ಕು ತೆರೆದು ಕೂತಿದ್ದೇನೆಂದರೆ ಕಾರಣ ಒಂದೇ, ದೂರು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಕಾಡಿನಾಚೆ ಪಕ್ಕದ ಮನೆಯ ಕೌಕೊ ಇದ್ದಾನೆ, ದಿನಾ ಎರಡು ಗಂಟೆಗೆ ಕಾಫಿಗೆ ಬರುತ್ತಾನೆ. ಆದರೆ ಅವನಿಗೆ ಹೇಳುವುದೂ ಒಲೆಗೆ ಹೇಳುವುದೂ ಒಂದೇ. ಒಲೆಯಾದರೂ ಆಗಾಗ ಚಟಪಟ ಅನ್ನುತ್ತದೆ. ಇವನು “ಹೂಂ” ಅನ್ನುತ್ತಾನೆ, ಏಲಕ್ಕಿ ಬನ್ನು ಮುರಿದು ಬಾಯಿಗಿಟ್ಟುಕೊಳ್ಳುತ್ತಾನೆ, ಎದ್ದು ಹೋಗುತ್ತಾನೆ.

ದೂರು ಏನೆಂದರೆ, ನನ್ನ ತಮ್ಮನ ಮಗಳು ಪಿಹ್ಲಾ ತಾಂಪೆರೆ ಪಟ್ಟಣದಿಂದ ಫೋನು ಮಾಡಿದ್ದಳು.

“ಇರ್ಯಾ ಅತ್ತೆ, ನಿಮ್ಮ ಕೊಟ್ಟಿಗೆ ಖಾಲಿ ಇದೆ ಅಲ್ವಾ? ಒಂದು ವಾರ ಕೊಡ್ತೀರಾ? ಆಲ್ಬಮ್ ಮಾಡ್ಬೇಕು.”

“ಕೊಟ್ಟಿಗೇಲಿ ಎಂಥ ಹಾಡೇ ಹಾಡ್ತೀರ?”

“ಹಾಡಲ್ಲ ಅತ್ತೆ. ಅಲ್ಲಿ ಏನು ಬರುತ್ತೋ ಅದು.”

“ಅಲ್ಲಿ ಹದಿನಾಲ್ಕು ವರ್ಷದಿಂದ ಬರ್ತಿರೋದು ಇಲಿ ಒಂದೇ.”

“ಇಲೀನೂ ಆಗುತ್ತೆ.”

ಪ್ರಾಂತ್ಯದ ರೇಡಿಯೊದಲ್ಲಿ ಮೂವತ್ತನಾಲ್ಕು ವರ್ಷ ನಾನು ಮಾಡಿದ ಕೆಲಸ ಟೇಪು ಶುಚಿ ಮಾಡುವುದು. ಮಂತ್ರಿಗಳ ಕೆಮ್ಮು, ಪಾದ್ರಿಗಳು ಗಂಟಲು ಸರಿಮಾಡಿಕೊಳ್ಳುವುದು, ಕುರ್ಚಿಯ ಕಿರ್ರು, ರೈತರ “ಅದೂ... ಅದೇನಂದ್ರೆ” ಎಲ್ಲವನ್ನೂ ಬ್ಲೇಡಿನಿಂದ ಕತ್ತರಿಸಿ ಬುಟ್ಟಿಗೆ ಹಾಕಿ, ಉಳಿದದ್ದನ್ನು ಅಂಟಿಸಿ ಕಳಿಸುತ್ತಿದ್ದೆ. ನನ್ನ ಕಾಲದಲ್ಲಿ ಈ ಪ್ರಾಂತ್ಯದ ಒಬ್ಬನೇ ಒಬ್ಬ ಮನುಷ್ಯನೂ ರೇಡಿಯೊದಲ್ಲಿ ಕೆಮ್ಮಲಿಲ್ಲ. ಅಂಥವಳ ಕೊಟ್ಟಿಗೆಗೆ ಇವರು ಗದ್ದಲ ಮಾಡಲು ಬರುತ್ತಾರಂತೆ. ಬರಲಿ ಅಂದೆ. ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

ಮೇ 31, ಶನಿವಾರ

ಬಂದರು. ಪಿಹ್ಲಾ ಮತ್ತು ಸಂಪ್ಸಾ ಎಂಬ ಗಡ್ಡದ ಹುಡುಗ. ಆಳು ಬಾಗಿಲಿನಷ್ಟಿದ್ದಾನೆ, ದನಿ ಮಾತ್ರ ಬೆಕ್ಕಿನಮರಿಯದು. ಊರಲ್ಲಿ ಅವನು ಅಂಚೆ ವಿಂಗಡಿಸುತ್ತಾನೆ, ಇವಳು ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಸಂಪ್ಸಾ ಊಟಕ್ಕೆ ಕೂತರೆ ಪಾತ್ರೆ ತೊಳೆಯುವ ಕೆಲಸ ಉಳಿಸುವುದಿಲ್ಲ, ಬ್ರೆಡ್ಡಿನಲ್ಲಿ ಒರೆಸಿ ಲಕಲಕ ಮಾಡಿಟ್ಟುಬಿಡುತ್ತಾನೆ.

ವ್ಯಾನಿನಿಂದ ಇಳಿದ ಸಾಮಾನು: ತೊಡೆಯ ಮೇಲಿಟ್ಟು ಮೀಟುವ ನಮ್ಮ ಕಾಂತೆಲೆ ಒಂದು, ಅದೂ ತಂತಿಯೊಂದು ಕಡಿಮೆ. ಮರ ಕೊಯ್ಯುವ ಗರಗಸ, ಪಿಟೀಲಿನ ಕಮಾನಿನಿಂದ ನುಡಿಸಲು. ಹೊಟ್ಟೆ ಬಗೆದು ವೈರು ಹೊರಗೆಳೆದ ಮಕ್ಕಳ ಆಟದ ಪಿಯಾನೊ. ಪಾತ್ರೆಗಳ ಮುಚ್ಚಳ. ಗುಜರಿಯವನ ಗಾಡಿ ಮಗುಚಿಬಿದ್ದಂತಿತ್ತು ಅಂಗಳ.

ಅಭ್ಯಾಸ ಯಾವಾಗ ಮಾಡುತ್ತೀರಿ ಎಂದು ಕೇಳಿದೆ. ಅಭ್ಯಾಸ ಮಾಡುವುದಿಲ್ಲವಂತೆ. ಎರಡನೇ ಸಲ ನುಡಿಸುವುದೂ ಇಲ್ಲವಂತೆ. ಒಂದೇ ಸಲ, ಏನಾಯಿತೋ ಅದೇ ಆಲ್ಬಮ್ಮು. ರೇಡಿಯೊದಲ್ಲಿ ಇದಕ್ಕೆ ನಾವು ಬೇರೆ ಹೆಸರು ಇಟ್ಟಿದ್ದೆವು, ತಯಾರಿಲ್ಲದೆ ಬರುವುದು ಅಂತ.

ಜೂನ್ 3, ಮಂಗಳವಾರ

ಪಿಹ್ಲಾಳಿಗೆ ಹಿಂದಿನ ಕೋಣೆಯಲ್ಲಿ ನನ್ನ ರೀಲು ಯಂತ್ರ ಸಿಕ್ಕಿಬಿಟ್ಟಿತು. ರೇಡಿಯೊದವರು ಕಂಪ್ಯೂಟರು ತಂದಾಗ ನನ್ನನ್ನೂ ಅದನ್ನೂ ಒಂದೇ ದಿನ ಮನೆಗೆ ಕಳಿಸಿದರು. ಇನ್ನು ಅದರಲ್ಲೇ ಧ್ವನಿ ತೆಗೆಯಬೇಕೆಂದು ಹಟ.

“ನೀವೇ ನಡೆಸಿ ಅತ್ತೆ. ಮೈಕು ಎಲ್ಲಿ ಇಡ್ಬೇಕು ಅಂತ ನಿಮಗಿಂತ ಯಾರಿಗೆ ಗೊತ್ತು?”

ಹೊಗಳಿಕೆಗೆ ಉಬ್ಬುವವಳಲ್ಲ ನಾನು. ಆದರೂ ಟೇಪು ತಾಗಿ ಓಡುವ ಯಂತ್ರದ ತಲೆಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆ, ಬೆಲ್ಟು ನೋಡಿದೆ. ಚೆನ್ನಾಗಿಯೇ ಇದೆ.

ಎರಡಕ್ಕೆ ಕೌಕೊ ಬಂದ. ಕೊಟ್ಟಿಗೆಯಿಂದ ಗರಗಸ ಗೋಳಿಡುತ್ತಿತ್ತು, ಅಭ್ಯಾಸವಲ್ಲವಂತೆ, ಕೊಟ್ಟಿಗೆ ಹೇಗೆ ಮೊಳಗುತ್ತದೆಂದು ನೋಡುವುದಂತೆ. ಅವನು ಕಿವಿ ಆ ಕಡೆ ತಿರುಗಿಸಿ, “ಯಾರಾದ್ರೂ ಸತ್ರಾ?” ಅಂದ. ಆರು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು.

ಜೂನ್ 5, ಗುರುವಾರ

ಇವತ್ತು ಧ್ವನಿ ತೆಗೆದಾಯಿತು. ಎಲ್ಲ ನಾನು ಎಣಿಸಿದ್ದಕ್ಕಿಂತ ಬೇರೆ ಆಯಿತು.

ಮಧ್ಯಾಹ್ನ ಕೌಕೊ ಉದ್ದ ಹಿಡಿಯ ಕುಡುಗೋಲು ಹೊತ್ತು ಕೊಟ್ಟಿಗೆಯ ಸುತ್ತಲಿನ ತುರುಚೆ ಗಿಡ ಕೊಯ್ಯಲು ಬಂದ. ಪ್ರತಿ ವರ್ಷ ಬರುತ್ತಾನೆ, ಯಾರೂ ಹೇಳುವುದಿಲ್ಲ. ಬಾಗಿಲ ಬಳಿ ನಿಂತು ಕಲ್ಲಿನಿಂದ ಅಲಗು ಮಸೆಯತೊಡಗಿದ. ಶ್ರಿಂಗ್, ಶ್ರಿಂಗ್. ಒಳಗೆ ಗರಗಸ ನಿಂತಿತು. ಸಂಪ್ಸಾ ಬಗ್ಗಿ ಹೊರಗೆ ಬಂದು ಆ ಬೆಕ್ಕಿನಮರಿ ದನಿಯಲ್ಲಿ, “ದಯವಿಟ್ಟು ಒಳಗೆ ಬಂದು ಮಸೀತೀರಾ?” ಅಂದ.

ಮಾಡುವ ಕೆಲಸ ಬಿಟ್ಟು ಬಾ ಅಂದರೆ ಕೌಕೊ ಬರುವವನಲ್ಲ. ಮಾಡುವ ಕೆಲಸವನ್ನೇ ಒಳಗೆ ಮಾಡು ಅಂದದ್ದಕ್ಕೆ ಒಪ್ಪಿದ. ಹಾಲು ಕರೆಯುವ ಮೂರು ಕಾಲಿನ ಮಣೆಯ ಮೇಲೆ ಕೂತು ಒಂದು ಗಂಟೆ ನಾಲ್ಕು ನಿಮಿಷ ಮಸೆದ. ಅಲಗು ಉಳಿದಿದೆಯೋ ಇಲ್ಲವೋ ನೋಡಲಿಲ್ಲ. ಸುತ್ತ ಇವರಿಬ್ಬರೂ ಮೀಟಿದರು, ಕೊಯ್ದರು, ತಟ್ಟಿದರು. ಮೇಲೆ ತೊಲೆಯಲ್ಲಿ ಗೂಡು ಕಟ್ಟುತ್ತಿದ್ದ ಅಂಬರಗುಬ್ಬಿಗಳು ಬೈಯುತ್ತಲೇ ಇದ್ದವು.

ನಾನು ಪಕ್ಕದ ಹಾಲಿನ ಕೋಣೆಯಲ್ಲಿ ಯಂತ್ರದ ಮುಂದೆ. ಎರಡು ಗಂಟೆಯಾಯಿತು. ಕಾಫಿ ಹೊತ್ತು ಅಂದರೆ ಕಾಫಿ ಹೊತ್ತು. ಸಂಗೀತ ನಡೆದಿದೆಯೆಂದು ಕಾಫಿ ನಿಲ್ಲಿಸುವ ಮನೆ ಇದಲ್ಲ. ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಲೋಟ ತಂದಿಟ್ಟೆ, ಆಮೇಲೆ ಕಾಫಿ, ಆಮೇಲೆ ಬನ್ನು, ನಡುವೆ ಒಮ್ಮೆ ಬರಿಗೈಯಲ್ಲಿ ಹೋಗಿ ಮೈಕು ಸರಿಸಿದೆ, ಆಮೇಲೆ ಸಂಪ್ಸಾನಿಗೆ ಹಾಲು, ಕೊನೆಗೆ ಸಕ್ಕರೆ. ಯಾರೂ ನಿಲ್ಲಿಸಲಿಲ್ಲ, ಯಾರೂ ಕುಡಿಯಲೂ ಇಲ್ಲ. ಕಾಫಿ ಆರಿತು. ಹೊಟ್ಟೆ ಉರಿಯಿತು.

ಮುಗಿದಾಗ ಪಿಹ್ಲಾ ನೆಲದ ಮೇಲೆ ಅಂಗಾತ ಬಿದ್ದುಕೊಂಡು, “ಕೌಕೊ ಮಾವ, ಇದು ನಿಮ್ಮ ಆಲ್ಬಮ್ಮು” ಅಂದಳು. ಅವನ ಕಿವಿ ಕೆಂಪಾಯಿತು. ನಾನು ಅತ್ತೆಯಾದ ಮೇಲೆ ಅವನು ಮಾವನಂತೆ. ಬಾಯಿ ಹೆಚ್ಚಾಗಿದೆ ಹುಡುಗಿಗೆ.

ಜೂನ್ 8, ಭಾನುವಾರ

ಇಬ್ಬರೂ ಕೆಲಸಕ್ಕೆಂದು ಊರಿಗೆ ಹೋದರು. ನಡುಬೇಸಿಗೆ ಹಬ್ಬಕ್ಕೆ ಮರಳಿ ಬಂದು ಟೇಪನ್ನು ನಕಲು ಮಾಡಿಕೊಳ್ಳುತ್ತಾರಂತೆ. ಸ್ನೇಹಿತನೊಬ್ಬ ತನ್ನ ಅಡುಗೆಮನೆಯಲ್ಲೇ ಅರವತ್ತು ಕ್ಯಾಸೆಟ್ಟು ತುಂಬಿ, ಕೈಯಲ್ಲೇ ಬಣ್ಣ ಹಚ್ಚಿದ ಹೊದಿಕೆ ಹಾಕಿ, ಗೊತ್ತಿದ್ದವರಿಗೆ ಹಂಚುತ್ತಾನೆ. ಅಂಗಡಿಯಲ್ಲಿ ಸಿಗುವುದಿಲ್ಲ. ಹೆಸರು “ಹಸುವಿಲ್ಲದ ಕೊಟ್ಟಿಗೆ”.

“ಟೇಪು ನೋಡ್ಕೊಳ್ಳಿ ಅತ್ತೆ, ಅದೊಂದೇ ಇರೋದು” ಅಂದಳು ಪಿಹ್ಲಾ.

ನೋಡಿಕೊಳ್ಳುತ್ತೇನೆ.

ಜೂನ್ 10, ಮಂಗಳವಾರ

ಟೇಪು ಕೇಳಿದೆ. ಅಯ್ಯೋ ದೇವರೆ.

ಬಾಗಿಲು ಆರು ಸಲ ಕಿರುಗುಟ್ಟುತ್ತದೆ. ಲೋಟ ಗಲಗಲ ಅನ್ನುತ್ತವೆ. ಸಂಪ್ಸಾ ಮೂರು ಸಲ ಸೀನಿದ್ದಾನೆ. ಎಲ್ಲಕ್ಕಿಂತ ಮೇಲೆ ಕೌಕೊ. ಮಸೆಯುವಾಗ ಉಬ್ಬಸ ಬಿಡುತ್ತಾನೆ, ಉಬ್ಬಸದ ನಡುವೆ ತನಗೇ ಗೊತ್ತಿಲ್ಲದಂತೆ ಗುಂಯ್ ಎಂದು ಗುನುಗುತ್ತಾನೆ. ರಾಗವಿಲ್ಲ, ತಾಳವಿಲ್ಲ, ಖಾಲಿ ಪೀಪಾಯಿಯಲ್ಲಿ ನೊಣ ಸಿಕ್ಕಿಬಿದ್ದ ಹಾಗೆ. ಅವನ ಹೆಂಡತಿ ಲೆಂಪಿ ಇದನ್ನು ಮೂವತ್ತು ವರ್ಷ ಹೇಗೆ ಸಹಿಸಿದಳೋ ಪುಣ್ಯಾತ್ಗಿತ್ತಿ.

ಇದನ್ನು ಹೀಗೆಯೇ ಅರವತ್ತು ಮನೆಗೆ ಕಳಿಸುವುದೇ? ನನ್ನ ಯಂತ್ರದಿಂದ?

ಬ್ಲೇಡು ಎಲ್ಲಿದೆ ನೋಡಬೇಕು.

ಜೂನ್ 12, ಗುರುವಾರ

ಆಯಿತು! ಮೂರು ದಿನ ಬೆನ್ನೆತ್ತದೆ ಕೂತೆ. ಅರವತ್ತನಾಲ್ಕು ನಿಮಿಷದಲ್ಲಿ ಕಸ ಇಪ್ಪತ್ತೇಳು. ಉಳಿದ ಮೂವತ್ತೇಳು ನಿಮಿಷ ತೊಳೆದ ಗಾಜು. ಕೈ ಮರೆತಿಲ್ಲ, ಒಂದೇ ಒಂದು ಜೋಡಣೆಯೂ ಕಿವಿಗೆ ಸಿಗುವುದಿಲ್ಲ. ಗರಗಸ ಕೂಡ ಮರ್ಯಾದಸ್ಥರ ಮನೆಯ ವಾದ್ಯದ ಹಾಗಿದೆ.

ಕೌಕೊ ಬಂದಾಗ ಟೇಪು ಸಿದ್ಧವಾಗಿದೆ, ಹಬ್ಬದ ದಿನ ಕೇಳಿಸುತ್ತೇನೆ ಅಂದೆ. “ಹೂಂ” ಅಂದ. ಬನ್ನು ಎರಡು ತಿಂದ. ಅಂಗಡಿಯ ಹೆಂಗಸಿಗೆ ತಾನು ಆಲ್ಬಮ್ಮಿನಲ್ಲಿರುವುದನ್ನು ಹೇಳಿದ್ದಾನಂತೆ. ಸ್ವೀಡನ್ನಿನಲ್ಲಿರುವ ತಂಗಿಗೂ ಫೋನು ಮಾಡಿ ಹೇಳಿದನಂತೆ. ತಾನಾಗಿ ಫೋನು ಮುಟ್ಟಿದವನೇ ಅಲ್ಲ ಅವನು!

ಜೂನ್ 21, ಶನಿವಾರ

ನಿನ್ನೆ ಹಬ್ಬದ ಮುನ್ನಾದಿನ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬಾಗಿಲಿಗೆ ಬರ್ಚ್ ಮರದ ಕೊಂಬೆ ಕಟ್ಟಿದ್ದೆ, ಹೊಸ ಆಲೂಗೆಡ್ಡೆ ಬೇಯಿಸಿದ್ದೆ. ಕೌಕೊ ಬಿಳಿ ಅಂಗಿ ತೊಟ್ಟು, ಹೊಗೆಯಲ್ಲಿ ಒಣಗಿಸಿದ ಮೀನು ಹಿಡಿದು ಬಂದ. ಹಬೆಸ್ನಾನದ ಮನೆ ಸೌನಾದಲ್ಲಿ ಬೆವರಿ ಬಂದು ನಾಲ್ವರೂ ಕೂತೆವು. ನಾನು ಗುಂಡಿ ಒತ್ತಿದೆ.

ಮೂವತ್ತೇಳು ನಿಮಿಷ ಯಾರೂ ಮಾತಾಡಲಿಲ್ಲ. ಮೆಚ್ಚಿಕೊಂಡಿದ್ದಾರೆ ಅಂದುಕೊಂಡೆ. ಈಗ ಯೋಚಿಸಿದರೆ ಪಿಹ್ಲಾ ಮೊದಲ ನಿಮಿಷಕ್ಕೇ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ರೀಲು ತಿರುಗಿ ನಿಂತಿತು. ಕೌಕೊ ಯಂತ್ರವನ್ನೇ ನೋಡುತ್ತಿದ್ದ.

“ನಾನೆಲ್ಲಿ?” ಅಂದ.

“ಇದ್ದೀಯಲ್ಲೋ! ಕುಡುಗೋಲು ಎಷ್ಟು ಸೊಗಸಾಗಿ ಕೇಳಿಸ್ತು.”

“ಅದು ಕುಡುಗೋಲು.”

“ನಿನ್ನ ಉಬ್ಬಸ, ಆ ಗುಂಯ್ ಅನ್ನೋದು, ಅದನ್ನ ತೆಗೆದೆ ಅಷ್ಟೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು.”

“ಹೂಂ” ಅಂದ. ಅವನ “ಹೂಂ”ಗಳನ್ನು ಇಷ್ಟು ವರ್ಷದಿಂದ ಕೇಳಿದ್ದೇನೆ. ಇದು ಅವುಗಳ ಪೈಕಿ ಅಲ್ಲ. ಟೋಪಿ ತೆಗೆದುಕೊಂಡು ಎದ್ದು ಹೋದ. ಮೀನು ಮೇಜಿನ ಮೇಲೆಯೇ ಇತ್ತು.

ಸಂಪ್ಸಾ ಬಟ್ಟೆ ಸಮೇತ ಮನೆ ಮುಂದಿನ ಸರೋವರಕ್ಕೆ ಇಳಿದು ಈಜಿಕೊಂಡು ಹೋದ. ಪಿಹ್ಲಾ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ಅತ್ತೆ, ನೀವು ಇದಕ್ಕೆ ಸ್ನಾನ ಮಾಡ್ಸಿ, ತಲೆ ಬಾಚಿ, ಚರ್ಚಿಗೆ ಕಳಿಸ್ಬಿಟ್ರಿ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾವು ಮಾಡಿದ್ದೇ ನೀವು ಕಸ ಅಂತ ತೆಗೆದಿದ್ದೀರಲ್ಲ, ಅದು” ಅಂದಳು.

ಇಬ್ಬರೂ ಇವತ್ತು ಬೆಳಿಗ್ಗೆ ಹೊರಟುಹೋದರು. ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ. ಬಹುಶಃ.

ಜೂನ್ 22, ಭಾನುವಾರ

ಕಾಫಿ ಹೆಚ್ಚಾಯಿತು. ಚೆಲ್ಲಿದೆ.

ಜೂನ್ 23, ಸೋಮವಾರ

ಚೆಲ್ಲಿದೆ.

ಜೂನ್ 25, ಬುಧವಾರ

ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ನನ್ನ ನೀಲಿ ತಟ್ಟೆ. ಹಬ್ಬಕ್ಕೆ ಮುಂಚೆ ಬನ್ನು ಕಳಿಸಿದ್ದೆ ಅದರಲ್ಲಿ. ತೊಳೆದು, ಒರೆಸಿ, ಖಾಲಿ ಇಟ್ಟು ಹೋಗಿದ್ದಾನೆ. ನಮ್ಮೆರಡು ಮನೆಗಳ ನಡುವೆ ಆ ತಟ್ಟೆ ಖಾಲಿ ಓಡಾಡಿದ್ದೇ ಇಲ್ಲ. ಏನೂ ಇಲ್ಲದಿದ್ದರೆ ಎರಡು ಈರುಳ್ಳಿಯಾದರೂ ಇಡುತ್ತಿದ್ದ. ಲೆಂಪಿ ಸತ್ತ ವಾರವೂ ಒಂದು ಮೀನು ಇಟ್ಟಿದ್ದ.

ಬಾಗಿಲು ತಟ್ಟಲೂ ಇಲ್ಲ. ಇರಲಿ. ನನಗೇನು.

ಜೂನ್ 29, ಭಾನುವಾರ

ನಾನು ಚರ್ಚಿಗೆ ಹೋಗಿದ್ದಾಗ ಬಂದು ಕೊಟ್ಟಿಗೆಯ ಸುತ್ತ ಗಿಡ ಕೊಯ್ದು ಹೋಗಿದ್ದಾನೆ. ಮಾತು ಬಿಟ್ಟರೂ ತುರುಚೆ ಬಿಡಲಿಲ್ಲ. ಕೋಪ ಗೊತ್ತಾಗಲೆಂದು ಸೊಟ್ಟಗೆ ಕೊಯ್ದಿದ್ದಾನೆ. ಅಥವಾ ಅಲಗು ಅವತ್ತು ಸವೆದಿರಬೇಕು.

ಮಧ್ಯಾಹ್ನ ಎರಡರಿಂದ ಮೂರರ ತನಕ ಮನೆ ಎಷ್ಟು ದೊಡ್ಡದಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಫ್ರಿಜ್ಜಿನ ಸದ್ದು ಕೇಳಿಸುತ್ತದೆ. ಅದರಲ್ಲಿ ಎರಡು ಸದ್ದಿವೆ, ಒಂದರೊಳಗೊಂದು. ಇಷ್ಟು ದಿನ ಒಂದೇ ಅಂದುಕೊಂಡಿದ್ದೆ.

ಜುಲೈ 1, ಮಂಗಳವಾರ

ಕತ್ತರಿಸಿದ ಚೂರುಗಳ ಚೀಲ ಸೌನಾದ ಒಲೆಯ ಪಕ್ಕದಲ್ಲಿತ್ತು. ಕಟ್ಟಿಗೆ ಹತ್ತಿಸಲೆಂದು ನಾನೇ ಇಟ್ಟದ್ದು. ಹಬ್ಬದ ಮುನ್ನಾದಿನ ಸೌನಾ ಕಾಯಿಸುವಾಗ ಒಂದು ಹಿಡಿ ಹಾಕಿಯೂ ಇದ್ದೆ. ನಾಲ್ವರೂ ಒಬ್ಬರಾದ ಮೇಲೊಬ್ಬರು ಆ ಹಬೆಯಲ್ಲಿ ಕೂತು ಬೆವರಿದೆವು, ಕೌಕೊನೂ ಕೂತಿದ್ದ, ಬೆನ್ನಿಗೆ ಬರ್ಚ್ ಸೊಪ್ಪು ಬಡಿದುಕೊಂಡ. ಅವನ ಎಷ್ಟು ಉಸಿರು ಸುಟ್ಟೆನೋ ಗೊತ್ತಿಲ್ಲ.

ಚೀಲವನ್ನು ಮನೆಯೊಳಗೆ ತಂದೆ. ನಾಳೆಯಿಂದ ಮರಳಿ ಜೋಡಿಸುತ್ತೇನೆ. ಪಿಹ್ಲಾಳಿಗೆ ಹೇಳುವುದಿಲ್ಲ, ಆಗದಿದ್ದರೆ ಮತ್ತೊಂದು ಮಾತು ಕೇಳಬೇಕಾಗುತ್ತದೆ. ಜೋಡಿಸಿದರೆ ಕೌಕೊ ಬರುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ಬರದಿದ್ದರೆ ಏನು ಮಾಡುತ್ತೇನೆ ಎಂಬುದನ್ನು ಯೋಚಿಸುತ್ತಿಲ್ಲ.

ಜುಲೈ 4, ಶುಕ್ರವಾರ

ನಾನೂರ ಹನ್ನೆರಡು ಚೂರು. ಮನೆಯುದ್ದಕ್ಕೂ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಒಂದೊಂದನ್ನೂ ಕ್ಲಿಪ್ಪು ಹಾಕಿ ನೇತುಹಾಕಿದ್ದೇನೆ. ಅಡುಗೆಮನೆಗೆ ಹೋಗಬೇಕಾದರೆ ಬಗ್ಗಿ ಹೋಗಬೇಕು. ಯಾರಾದರೂ ಬಂದರೆ ಮುದುಕಿಗೆ ತಲೆ ಕೆಟ್ಟಿತು ಅನ್ನುತ್ತಾರೆ. ಯಾರೂ ಬರುವುದಿಲ್ಲ.

ಯಾವ ಚೂರು ಎಲ್ಲಿಯದು ಎಂದು ತಿಳಿಯಲು ಒಂದೇ ದಾರಿ, ಕೇಳುವುದು. ಸೆಕೆಂಡಿಗೆ ಟೇಪು ಒಂದು ಗೇಣು ಓಡುತ್ತದೆ. ಕೌಕೊನ ಉಸಿರು ಒಂದೊಂದೂ ಒಂದೂವರೆ ಗೇಣು. ಮೊದಲ ಹತ್ತು ನಿಮಿಷದವು ಮೋಟು, ಮುಜುಗರಪಟ್ಟುಕೊಂಡು ಕದ್ದು ಬಿಟ್ಟಂಥವು. ಆಮೇಲಿನವು ಉದ್ದ.

ಜುಲೈ 9, ಬುಧವಾರ

ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಉಸಿರು ಅಂಟಿಸುತ್ತೇನೆ. ನೂರ ಎಂಬತ್ತು ಆಗಿದೆ. ಈಗ ಕೇಳಿದ ಕೂಡಲೇ ಹೇಳಬಲ್ಲೆ, ಇದು ಭುಜ ನೋಯುತ್ತಿರುವಾಗಿನದು, ಇದು ಗುಬ್ಬಿ ನೋಡಲು ತಲೆ ಎತ್ತಿದಾಗಿನದು, ಇದು ನಗು ತಡೆದುಕೊಂಡದ್ದು. ಸಂಪ್ಸಾನ ಸೀನಿಗೆ ನಕ್ಕಿದ್ದಾನೆ! ಕೌಕೊ ನಗುವುದನ್ನು ನಾನು ಕಂಡಿಲ್ಲ. ಕಂಡಿದ್ದರೂ ಸದ್ದು ಬಂದದ್ದಿಲ್ಲ.

ಅವನು ಇವತ್ತು ದೋಣಿಯಲ್ಲಿ ನನ್ನ ದಂಡೆಯ ಪಕ್ಕದಲ್ಲೇ ಹಾದುಹೋದ. ತಲೆ ತಿರುಗಿಸಲಿಲ್ಲ. ಹುಟ್ಟಿನ ಸದ್ದಿನಲ್ಲೇ ಗೊತ್ತಾಯಿತು, ಬಲಭುಜ ಇನ್ನೂ ನೋಯುತ್ತಿದೆ.

ಜುಲೈ 15, ಮಂಗಳವಾರ

ಒಂದು ದೋಷ ಸಿಕ್ಕಿದೆ. ಕೌಕೊನ ಗುನುಗು ಉದ್ದಕ್ಕೂ ಒಂದೇ ಮಟ್ಟದಲ್ಲಿ ಹೋಗುತ್ತದೆ. ಆದರೆ ಬಾಗಿಲು ಕಿರುಗುಟ್ಟುವ ಜಾಗದಲ್ಲೆಲ್ಲ ಅರ್ಧ ಸ್ವರ ಮೇಲೇರುತ್ತದೆ. ಆರೂ ಸಲ. ನಾನು ಹೊರಗೆ ಹೋದ ಮೇಲೆ ನಿಧಾನಕ್ಕೆ ಇಳಿಯುತ್ತದೆ.

ಮೋಟರಿನ ವೇಗ ಏರುಪೇರಾಗಿರಬೇಕು. ಬಿಚ್ಚಿ ನೋಡಿದೆ. ಮೋಟರು ಸರಿಯಿದೆ. ಬೆಲ್ಟು ಬದಲಾಯಿಸಿದೆ. ಹಾಗೇ ಇದೆ.

ಜುಲೈ 17, ಗುರುವಾರ

ನಿನ್ನೆ ಪೂರ್ತಿ ಇದೇ ಯೋಚನೆ. ಯಂತ್ರದ ದೋಷವಾದರೆ ಕಲ್ಲಿನ ಸದ್ದೂ ಏರಬೇಕು, ಗರಗಸವೂ ಏರಬೇಕು. ಅವು ಏರಿಲ್ಲ, ಗುನುಗು ಮಾತ್ರ ಏರಿದೆ. ಇಷ್ಟು ವರ್ಷದಲ್ಲಿ ಇಂಥ ದೋಷ ನೋಡಿಲ್ಲ.

ಲೋಟಗಳ ಕಂಪನ ಮೈಕಿಗೆ ತಾಗಿರಬಹುದೇ? ಆದರೆ ನಾಲ್ಕನೇ ಸಲ ನಾನು ಬರಿಗೈಯಲ್ಲಿ ಹೋಗಿದ್ದೆ, ಮೈಕು ಸರಿಸಲು. ಎಲ್ಲಕ್ಕಿಂತ ಹೆಚ್ಚು ಏರಿರುವುದು ಅಲ್ಲಿಯೇ. ಅದೂ ಬಾಗಿಲು ತೆರೆಯುವ ಮುಂಚಿನಿಂದಲೇ, ಅಂಗಳದ ಜಲ್ಲಿಯ ಮೇಲೆ ನನ್ನ ಮರದ ಚಪ್ಪಲಿ ಕೇಳಿಸತೊಡಗಿದಾಗಿನಿಂದ.

ವಿಚಿತ್ರ ಯಂತ್ರ.

ಜುಲೈ 20, ಭಾನುವಾರ

ಜೋಡಿಸಿ ಮುಗಿಯಿತು. ಅರವತ್ತಮೂರು ನಿಮಿಷ. ಒಂದು ನಿಮಿಷ ಸೌನಾದಲ್ಲಿ ಉರಿದುಹೋಗಿದೆ. ಪಿಹ್ಲಾಳಿಗೆ ಫೋನು ಮಾಡಿ ಹೇಳಿದೆ. ಅವಳು ಕಿರುಚಿದಳು, ಆಮೇಲೆ ಸಂಪ್ಸಾನಿಗೆ ಹೇಳಿದಳು, ಅವನೂ ಕಿರುಚಿದ. ಕಿರುಚಿದರೆ ದನಿ ದೊಡ್ಡದೇ ಇದೆ ಅವನದು.

ಆ ದೋಷದ ವಿಷಯವನ್ನೂ ಹೇಳಿದೆ. ಕದ್ದುಮುಚ್ಚಿ ಕೊಡುವುದು ನನ್ನ ಜಾಯಮಾನವಲ್ಲ.

“ನೀವು ಒಳಗೆ ಬಂದಾಗೆಲ್ಲ ಏರುತ್ತಾ?”

“ಹೂಂ.”

“ಮೋಟರ್ ನೋಡಿದ್ರಾ ಅತ್ತೆ?”

“ನೋಡಿದೆ.”

“ಬೆಲ್ಟು?”

“ಬದಲಾಯಿಸಿದೆ ಕಣೇ.”

ಫೋನಿನ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬಾಯಿ ಮುಚ್ಚಿದರೂ ನಗು ಕೇಳಿಸುತ್ತದೆ ಎಂಬುದು ಈ ಕಾಲದ ಮಕ್ಕಳಿಗೆ ಗೊತ್ತಿಲ್ಲ.

“ಹಾಗಾದ್ರೆ ಕೌಕೊ ಮಾವನ್ನೇ ಕೇಳ್ಬೇಕು” ಅಂದಳು ಕೊನೆಗೆ. “ಅವರು ಬೇಡ ಅಂದ್ರೆ ನಾವು ಆಲ್ಬಮ್ ಹೊರಗೆ ತರಲ್ಲ. ಅವರ ಉಸಿರು, ಅವರಿಷ್ಟ.”

ಅದೂ ಸರಿಯೇ. ಆದರೆ ಕೇಳಬೇಕಾದವಳು ನಾನು.

ಜುಲೈ 23, ಬುಧವಾರ

ಹೋಗಲಿಲ್ಲ. ಮಳೆ ಬರುವ ಹಾಗಿತ್ತು. ಬರಲಿಲ್ಲ.

ಜುಲೈ 26, ಶನಿವಾರ

ಇವತ್ತು ಹೋದೆ. ಗಾಡಿ ತಳ್ಳಿ ಕೈಗೆ ಗುಳ್ಳೆ ಎದ್ದಿರುವುದರಿಂದ ಅಕ್ಷರ ಸೊಟ್ಟ.

ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಒಂಟಿಗಾಲಿಯ ತಳ್ಳುಗಾಡಿಯಲ್ಲಿಟ್ಟು ಕಾಡಿನ ದಾರಿ ಹಿಡಿದೆ. ಅರ್ಧ ಮೈಲಿ ಇಲ್ಲ, ಆದರೆ ಬೇರಿಗೊಂದು ಸಲ ಗಾಡಿ ಎಗರುತ್ತದೆ, ಎಗರಿದಾಗೊಮ್ಮೆ ನಾನು ಅದಕ್ಕೆ ಬೈಯುತ್ತೇನೆ. ಕೌಕೊ ಜಗಲಿಯ ಮೇಲೆ ಬಲೆ ಬಿಡಿಸುತ್ತ ಕೂತಿದ್ದ. ನಾನು ತಿರುವಿನಲ್ಲಿ ಕಾಣಿಸಿದಾಗಲೇ ನೋಡಿದ. ಏಳಲಿಲ್ಲ. ಹುಲ್ಲುಗಾವಲಿನ ನಡುವೆ ಚಕ್ರ ಹೂತುಹೋಯಿತು. ತಳ್ಳಿದೆ, ಎಳೆದೆ, ಕಾಲಿನಿಂದ ಒದ್ದೆ. ಆಗ ಬಲೆ ಕೆಳಗಿಟ್ಟು ಇಳಿದು ಬಂದ, ನನ್ನ ಕೈಯಿಂದ ಹಿಡಿ ತೆಗೆದುಕೊಂಡ, ಮಾತಿಲ್ಲದೆ ಅಡುಗೆಮನೆಯ ತನಕ ತಳ್ಳಿದ. ಗಾಡಿ ಸಮೇತ ಒಳಗೆ.

ನನಗೆ ಕ್ಷಮೆ ಕೇಳುವುದು ಬರುವುದಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ, ಒಂದೂ ನೆನಪಿಗೆ ಬರಲಿಲ್ಲ. “ತಪ್ಪು ಮಾಡಿದೆ ಕೌಕೊ. ನಿನ್ನನ್ನ ತೆಗೆದುಹಾಕಿದ್ದೆ, ತಿರುಗಿ ಹಾಕಿದ್ದೀನಿ. ಒಂದು ನಿಮಿಷ ಸುಟ್ಟುಹೋಯ್ತು, ಅದನ್ನ ತರೋಕಾಗಲ್ಲ” ಅಂದುಬಿಟ್ಟೆ.

ಅವನು ಪ್ಲಗ್ಗು ಹಾಕಿದ.

ಅರವತ್ತಮೂರು ನಿಮಿಷ ಕೇಳಿದೆವು. ಅವನು ಮೇಜಿನ ಮೇಲೆ ಕೈ ಚಾಚಿ, ಕಣ್ಣು ಮುಚ್ಚಿ ಕೂತಿದ್ದ. ತನ್ನ ಉಬ್ಬಸ ಬಂದಾಗ ಹುಬ್ಬು ಏರಿಸಿದ. ಸಂಪ್ಸಾ ಸೀನಿದಾಗ ನಕ್ಕ, ಟೇಪಿನಲ್ಲಿ ನಕ್ಕ ಹಾಗೆಯೇ. ರೀಲು ನಿಂತ ಮೇಲೆ, “ಹೌದು, ಇದು ನಾನೇ” ಅಂದ.

“ಅರವತ್ತು ಕ್ಯಾಸೆಟ್ಟು ಮಾಡ್ತಾರಂತೆ. ನೀನು ಬೇಡ ಅಂದ್ರೆ ಇಲ್ಲ.”

ಅವನು ಜಗಲಿಯಿಂದ ಬಲೆ ತಂದು ಬಿಡಿಸತೊಡಗಿದ. ನಾನು ಕೆಲಸದ ಮಾತಿಗೆ ಇಳಿದೆ, ಅದು ನನಗೆ ಬರುತ್ತದೆ.

“ಒಂದು ದೋಷ ಉಳಿದಿದೆ. ಬಾಗಿಲ ಸದ್ದು ಬಂದಾಗೆಲ್ಲ ನಿನ್ನ ಗುನುಗು ಮೇಲೆ ಹೋಗುತ್ತೆ. ಮೋಟರ್ ಅಲ್ಲ, ಬೆಲ್ಟ್ ಅಲ್ಲ. ಯಾಕೆ ಅಂತ ನನಗೆ ತಿಳೀತಿಲ್ಲ.”

“ಕಾಫಿ ಬಂತಲ್ಲ” ಅಂದ.

“ಕಾಫಿಗೆ ಯಾರಾದ್ರೂ ಹಾಗೆ ಗುನುಗ್ತಾರೇನೋ? ಅದೂ ಅಲ್ದೆ ನಾಲ್ಕನೇ ಸಲ ನಾನು ಬರಿಗೈಲಿ ಬಂದಿದ್ದೆ.”

ಬಲೆಯ ದಾರ ಬೆರಳಿಗೆ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳುತ್ತ ಕೂತ. ಅದು ಬಿಟ್ಟಾಗಿ ಬಹಳ ಹೊತ್ತಾದರೂ ಬಿಡಿಸುತ್ತಲೇ ಇದ್ದ.

“ಕಾಫಿ ಬಿಡು ಅಂತ ಡಾಕ್ಟರು ಹೇಳಿ ಹನ್ನೊಂದು ವರ್ಷ ಆಯ್ತು, ಇರ್ಯಾ” ಅಂದ. “ಹೊಟ್ಟೆ ಹುಣ್ಣು. ಮನೇಲಿ ಬಿಟ್ಟಿದ್ದೀನಿ.”

ಅವನ ಒಲೆಯ ಕಡೆ ನೋಡಿದೆ. ನಿಜ, ಕಾಫಿಯ ಪಾತ್ರೆಯೇ ಇರಲಿಲ್ಲ. ಈ ದೇಶದಲ್ಲಿ ಕಾಫಿ ಪಾತ್ರೆಯಿಲ್ಲದ ಅಡುಗೆಮನೆ! ಹನ್ನೊಂದು ವರ್ಷ ದಿನಾ ಎರಡು ಲೋಟ ಬಗ್ಗಿಸಿ ಕೊಟ್ಟಿದ್ದೇನೆ ಈ ಮನುಷ್ಯನಿಗೆ. ಪ್ರತಿ ದಿನವೂ ಕುಡಿದಿದ್ದಾನೆ. ಮೂವತ್ತನಾಲ್ಕು ವರ್ಷ ಕೇಳಿಸಿಕೊಳ್ಳುವುದೇ ಕಸುಬಾಗಿದ್ದವಳು ನಾನು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಎರಡನ್ನೂ ಮುಖದಲ್ಲಿ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

“ಹೇಳ್ಬಾರ್ದಾಗಿತ್ತೇನೋ ಮೂದೇವಿ?”

“ಹೇಳಿದ್ದೀನಲ್ಲ” ಅಂದು ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದ. “ನೀನು ಕತ್ತರಿಸಿದೆ.”

ಬಲೆಯನ್ನು ಮಡಚಿ ಬದಿಗಿಟ್ಟ.

“ಆ ಅರವತ್ತು ಜನಕ್ಕೂ ಗೊತ್ತಾಗುತ್ತಾ?” ಅಂದ.

“ನನಗೇ ಗೊತ್ತಾಗ್ಲಿಲ್ಲ, ಅವರಿಗೆಲ್ಲಿ?”

“ನಿನಗೆ ಗೊತ್ತಾಗ್ದೆ ಇರೋದು ದೊಡ್ಡ ವಿಷಯ ಅಲ್ಲ” ಅಂದ. “ಮಾಡ್ಲಿ ಬಿಡು, ಹುಡುಗರು.”

ಆಮೇಲೆ ನಾಲ್ಕನೇ ಸಲದ್ದನ್ನು ಇನ್ನೊಮ್ಮೆ ಹಾಕು ಅಂದ, ನಾನು ಬರಿಗೈಯಲ್ಲಿ ಬಂದ ಜಾಗ. ಹಾಕಿದೆ. ಜಲ್ಲಿ, ಚಪ್ಪಲಿ, ಗುನುಗು, ಬಾಗಿಲು. ಮತ್ತೊಮ್ಮೆ ಅಂದ, ಹಾಕಿದೆ. ಹೀಗೆ ನಾಲ್ಕು ಸಲ ಕೇಳಿದೆವು.

ಐದನೇ ಸಲ ಅವನು ಕೇಳಲಿಲ್ಲ. ನಾನೇ ಹಿಂದಕ್ಕೆ ಸುತ್ತಿದೆ.